ನಾಲ್ವಡಿ ಕೃಷ್ಣರಾಜ ಒಡೆಯರ್

ನಾಲ್ವಡಿ ಕೃಷ್ಣರಾಜ ಒಡೆಯರ್ (ಜೂನ್ 4, 1884 – ಆಗಸ್ಟ್ 3, 1940) ಮೈಸೂರು ಸಂಸ್ಥಾನದ ಮಹಾರಾಜರು. 'ನಾಲ್ವಡಿ' ಎಂದರೆ ನಾಲ್ಕನೆಯ ಎಂದರ್ಥ; ಒಡೆಯರ ವಂಶದಲ್ಲಿ ಕೃಷ್ಣರಾಜ ಎಂಬ ಹೆಸರಿನಿಂದ ಆಳಿದವರಲ್ಲಿ ಇವರು ನಾಲ್ಕನೆಯವರು. 1927ರಲ್ಲಿ ನಡೆದ ಇವರ ಆಳ್ವಿಕೆಯ ರಜತ ಮಹೋತ್ಸವವು ಮೈಸೂರಿನ ಆಧುನಿಕ ಇತಿಹಾಸದಲ್ಲಿ ಪ್ರಮುಖ ಘಟನೆಗಳಲ್ಲೊಂದು.

ಬಾಲ್ಯ ಮತ್ತು ಪಟ್ಟಾಭಿಷೇಕ

ತಂದೆ ಹತ್ತನೆಯ ಚಾಮರಾಜೇಂದ್ರ ಒಡೆಯರ್, ತಾಯಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ. 1894ರ ಡಿಸೆಂಬರ್ 28ರಂದು ಚಾಮರಾಜೇಂದ್ರರು ಕಲ್ಕತ್ತೆಯಲ್ಲಿ ಅಕಾಲಿಕವಾಗಿ ತೀರಿಕೊಂಡರು. ಆಗ ಕೃಷ್ಣರಾಜರಿಗೆ ಹತ್ತು ವರ್ಷ. 1895ರ ಫೆಬ್ರವರಿ 1ರಂದು ಬಾಲಕನಿಗೆ ಪಟ್ಟವಾಯಿತಾದರೂ ಆಡಳಿತದ ಹೊಣೆಯನ್ನು ರಾಜಮಾತೆಯೇ ರೀಜೆಂಟರಾಗಿ ಹೊತ್ತರು. ಶಿವನಸಮುದ್ರದ ಜಲವಿದ್ಯುತ್ ಯೋಜನೆ ರೂಪುಗೊಂಡದ್ದೂ, 1897ರಲ್ಲಿ ಬೆಂಕಿಗೆ ಆಹುತಿಯಾದ ಹಳೆಯ ಅರಮನೆಯ ಜಾಗದಲ್ಲಿ ಹೊಸ ಅರಮನೆಯ ನಿರ್ಮಾಣ ಆರಂಭವಾದದ್ದೂ ಆ ಅವಧಿಯಲ್ಲಿಯೇ. ಮಗನ ಕೀರ್ತಿಯ ನೆರಳಿನಲ್ಲಿ ಈ ತಾಯಿಯ ಆಡಳಿತವನ್ನು ಮರೆಯುವುದು ನ್ಯಾಯವಲ್ಲ.

1900ರಲ್ಲಿ ಕಾಠಿಯಾವಾಡದ ವಣಾ ಮನೆತನದ ಪ್ರತಾಪಕುಮಾರಿಯವರೊಡನೆ ವಿವಾಹವಾಯಿತು. 1902ರ ಆಗಸ್ಟ್ 8ರಂದು ಜಗನ್ಮೋಹನ ಅರಮನೆಯಲ್ಲಿ ವೈಸರಾಯ್ ಲಾರ್ಡ್ ಕರ್ಜನ್ ಸಂಪೂರ್ಣ ಅಧಿಕಾರವನ್ನು ಹಸ್ತಾಂತರಿಸಿದರು.

ಆಡಳಿತ

ದಿವಾನರ ಆಯ್ಕೆಯಲ್ಲಿ ಮಹಾರಾಜರಿಗಿದ್ದ ವಿವೇಚನೆ ಅವರ ಆಡಳಿತದ ದೊಡ್ಡ ಬಲ. ಸರ್ ಎಂ. ವಿಶ್ವೇಶ್ವರಯ್ಯ (1912–1918) ಮತ್ತು ಸರ್ ಮಿರ್ಜಾ ಇಸ್ಮಾಯಿಲ್ (1926–1941) ಇವರಲ್ಲಿ ಹೆಚ್ಚು ಪ್ರಸಿದ್ಧರು. 1905ರಲ್ಲಿ ಬೆಂಗಳೂರಿಗೆ ವಿದ್ಯುದ್ದೀಪ ಬಂದಿತು. 1907ರಲ್ಲಿ ನ್ಯಾಯವಿಧಾಯಕ ಸಭೆ, 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದವು. ಜೆಮ್‌ಶೆಡ್‌ಜಿ ಟಾಟಾ ಕನಸು ಕಂಡ ಭಾರತೀಯ ವಿಜ್ಞಾನ ಸಂಸ್ಥೆಗೆ ಬೆಂಗಳೂರಿನಲ್ಲಿ 371 ಎಕರೆ ಭೂಮಿ ದೊರೆತದ್ದು ಮೈಸೂರು ಸರ್ಕಾರದಿಂದ.

ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರ ಸಮುದಾಯಗಳ ಪಾಲು ತೀರ ಕಡಿಮೆಯಿದ್ದುದನ್ನು ಪರಿಶೀಲಿಸಲು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಲಾಯಿತು. ಈ ವಿಷಯದಲ್ಲಿ ಮಹಾರಾಜರಿಗೂ ವಿಶ್ವೇಶ್ವರಯ್ಯನವರಿಗೂ ಅಭಿಪ್ರಾಯಭೇದ ಉಂಟಾಯಿತು. ಅದೇ ವರ್ಷ ದಿವಾನರು ಹುದ್ದೆಯಿಂದ ನಿವೃತ್ತರಾದರು. ತಾವು ಬಹುವಾಗಿ ಗೌರವಿಸುತ್ತಿದ್ದ ದಿವಾನರನ್ನು ಕಳೆದುಕೊಂಡರೂ ಮಹಾರಾಜರು ಸಮಿತಿಯನ್ನು ಕೈಬಿಡಲಿಲ್ಲ. ಹಿಂದುಳಿದ ವರ್ಗಗಳ ಮೀಸಲಾತಿಯ ಚರಿತ್ರೆಯನ್ನು ಓದುವವರು ಈ ಘಟ್ಟವನ್ನು ಗಮನಿಸಲೇಬೇಕು.

ರಜತ ಮಹೋತ್ಸವ, 1927

ಆಳ್ವಿಕೆಯ 25 ವರ್ಷಕ್ಕೆ ರಜತ, 50ಕ್ಕೆ ಸುವರ್ಣ, 60ಕ್ಕೆ ವಜ್ರ ಮಹೋತ್ಸವ ಎಂಬ ಕ್ರಮ ಮೈಸೂರಿಗೆ ಬಂದದ್ದು ಬ್ರಿಟಿಷರ ಮೂಲಕ. ವಿಕ್ಟೋರಿಯಾ ರಾಣಿಯ 1887ರ ಸುವರ್ಣ ಮಹೋತ್ಸವದ ನೆನಪಿಗೆ ಮೈಸೂರಿನಲ್ಲಿ ವಿಕ್ಟೋರಿಯಾ ಜ್ಯೂಬಿಲಿ ಇನ್‌ಸ್ಟಿಟ್ಯೂಟ್ ಕಟ್ಟಡಕ್ಕೆ ಶಂಕುಸ್ಥಾಪನೆಯಾಯಿತು. ಮುಂದೆ ಓರಿಯಂಟಲ್ ಲೈಬ್ರರಿ ಇದ್ದುದು ಇಲ್ಲಿಯೇ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಆರ್. ಶಾಮಾಶಾಸ್ತ್ರಿಗಳು ಬೆಳಕಿಗೆ ತಂದದ್ದು ಆ ಗ್ರಂಥಾಲಯದ ಸಂಗ್ರಹದಿಂದಲೇ. 1897ರ ವಜ್ರ ಮಹೋತ್ಸವದ ಸ್ಮಾರಕವಾಗಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ತಲೆಯೆತ್ತಿತು. ಹೀಗೆ ದೂರದ ರಾಣಿಯ ಹಬ್ಬದಿಂದ ಊರಿನ ಜನಕ್ಕೆ ಗ್ರಂಥಾಲಯ, ಆಸ್ಪತ್ರೆಗಳು ಉಳಿದವು.

ಕೃಷ್ಣರಾಜರಿಗೆ ಪಟ್ಟವಾದದ್ದು 1895ರಲ್ಲಿ. ಆ ಲೆಕ್ಕದಲ್ಲಿ 1920ಕ್ಕೇ ಇಪ್ಪತ್ತೈದು ವರ್ಷ ತುಂಬಿತ್ತು. ಆದರೆ ಉತ್ಸವಕ್ಕೆ ಪರಿಗಣಿಸಿದ್ದು ಸ್ವತಂತ್ರವಾಗಿ ಅಧಿಕಾರ ವಹಿಸಿಕೊಂಡ 1902ರ ಆಗಸ್ಟ್ 8ನ್ನು. ಅದರಂತೆ 1927ರ ಆಗಸ್ಟಿನಲ್ಲಿ ಸಂಸ್ಥಾನದಾದ್ಯಂತ ಬೆಳ್ಳಿಹಬ್ಬ ನಡೆಯಿತು.

ಆ ವರ್ಷಕ್ಕೆ ರಾಜಕೀಯವಾಗಿಯೂ ಮಹತ್ತ್ವವಿತ್ತು. 1799ರ ಒಪ್ಪಂದದಿಂದ ಮೈಸೂರು ಬ್ರಿಟಿಷರಿಗೆ ವಾರ್ಷಿಕ ಪೊಗದಿ ತೆರುತ್ತಿತ್ತು; 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿಸುವಾಗ ಅದನ್ನು 35 ಲಕ್ಷ ರೂಪಾಯಿಗೆ ಏರಿಸಲಾಗಿತ್ತು. ಇದು ಸಂಸ್ಥಾನದ ಬಹುಕಾಲದ ಅಸಮಾಧಾನ. 1927ರಲ್ಲಿ ಮೈಸೂರಿಗೆ ಬಂದ ವೈಸರಾಯ್ ಲಾರ್ಡ್ ಇರ್ವಿನ್ ಹತ್ತೂವರೆ ಲಕ್ಷ ರೂಪಾಯಿಯ ಕಡಿತವನ್ನು ಘೋಷಿಸಿದರು. ಅಸ್ವಸ್ಥರಾಗಿದ್ದ ಮಹಾತ್ಮಾ ಗಾಂಧಿಯವರು ಅದೇ ವರ್ಷ ನಂದಿಬೆಟ್ಟ ಹಾಗೂ ಬೆಂಗಳೂರಿನ ಕುಮಾರಪಾರ್ಕಿನಲ್ಲಿ ವಿಶ್ರಾಂತಿ ಪಡೆಯುತ್ತಿದ್ದರು. ಮಹಾರಾಜರಿಗೆ 'ರಾಜರ್ಷಿ' ಎಂಬ ಬಿರುದು ಗಾಂಧೀಜಿಯವರ ಮಾತಿನಿಂದಲೇ ನೆಲೆಗೊಂಡಿತೆಂಬುದು ಪ್ರಸಿದ್ಧ.

ಉತ್ಸವದ ನೆನಪಿಗೆ ಅರಮನೆಯ ನೌಕರರು ಮೈಸೂರಿನ ಪುರಭವನದ ಬಳಿ 75 ಅಡಿ ಎತ್ತರದ ಗಡಿಯಾರ ಗೋಪುರವನ್ನು ಕಟ್ಟಿಸಿದರು. 'ದೊಡ್ಡ ಗಡಿಯಾರ' ಎಂದೇ ಜನ ಕರೆಯುವ ಇದರ ಮುಖದ ಮೇಲಿರುವುದು ಕನ್ನಡ ಅಂಕಿಗಳು. 1938ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕೃಷ್ಣರಾಜೇಂದ್ರ ರಜತ ಮಹೋತ್ಸವ ತಾಂತ್ರಿಕ ಸಂಸ್ಥೆಯೂ ಇದೇ ಸ್ಮರಣೆಯ ಹೆಸರನ್ನು ಹೊತ್ತಿದೆ.

ಈ ಸಂಭ್ರಮ ಮೈಸೂರಿನ ಗಡಿಯೊಳಗಿನದು. ಕನ್ನಡ ನಾಡು ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಮುದ್ದೇಬಿಹಾಳ, ನಾಲತವಾಡ ಮೊದಲಾದ ಊರುಗಳಿದ್ದ ವಿಜಾಪುರ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಲ್ಲಿಯ ಕನ್ನಡಿಗರಿಗೆ ಸರ್ಕಾರಿ ರಜತೋತ್ಸವವೆಂದರೆ 1935ರ ಮೇ ತಿಂಗಳಿನಲ್ಲಿ ನಡೆದ ಚಕ್ರವರ್ತಿ ಐದನೆಯ ಜಾರ್ಜರದು.

ಸಂಗೀತ ಮತ್ತು ಕಲೆ

ಸ್ವತಃ ವಾದ್ಯಗಳನ್ನು ನುಡಿಸಬಲ್ಲವರಾಗಿದ್ದ ಮಹಾರಾಜರ ಆಸ್ಥಾನದಲ್ಲಿ ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯ, ಬಿಡಾರಂ ಕೃಷ್ಣಪ್ಪ, ಮುತ್ತಯ್ಯ ಭಾಗವತರ್ ಮುಂತಾದವರಿದ್ದರು. ಹಿಂದುಸ್ತಾನಿ ಸಂಗೀತಕ್ಕೂ ಆಶ್ರಯವಿತ್ತು. ಪ್ರಸಿದ್ಧ ಗಾಯಕಿ ಗೌಹರ್ ಜಾನ್ ಕೊನೆಯ ದಿನಗಳನ್ನು ಕಳೆದು 1930ರಲ್ಲಿ ನಿಧನರಾದದ್ದು ಮೈಸೂರಿನಲ್ಲಿ.

ಕೊನೆಯ ವರ್ಷಗಳು

1911ರಲ್ಲಿ ಆರಂಭವಾದ ಕನ್ನಂಬಾಡಿ ಅಣೆಕಟ್ಟೆ ರಜತೋತ್ಸವದ ವೇಳೆಗೆ ಇನ್ನೂ ಪೂರ್ಣಗೊಂಡಿರಲಿಲ್ಲ. 1930ರ ದಶಕದ ಆರಂಭದಲ್ಲಿ ಮುಗಿದು ಕೃಷ್ಣರಾಜಸಾಗರವೆಂದು ಹೆಸರಾಯಿತು. 1931ರಲ್ಲಿ ಮಹಾರಾಜರು ಕೈಲಾಸ-ಮಾನಸಸರೋವರ ಯಾತ್ರೆ ಕೈಗೊಂಡರು. ಇತ್ತ ಜವಾಬ್ದಾರಿ ಸರ್ಕಾರದ ಬೇಡಿಕೆ ಬಲಗೊಳ್ಳುತ್ತಿತ್ತು. 1938ರ ಏಪ್ರಿಲಿನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹದ ಬೆನ್ನಿಗೇ ವಿದುರಾಶ್ವತ್ಥದಲ್ಲಿ ಪೊಲೀಸರ ಗೋಲಿಬಾರಿಗೆ ಅನೇಕರು ಬಲಿಯಾದರು. ಪ್ರಜಾನುರಾಗಿಯೆಂದು ಹೆಸರಾದ ಅರಸರ ಕಾಲದ ಈ ದುರಂತವನ್ನು ಮರೆಮಾಚುವಂತಿಲ್ಲ. ಆಡಳಿತದ ಪೂರ್ಣ ಅಧಿಕಾರ ಅವರ ಜೀವಿತಕಾಲದಲ್ಲಿ ಜನಪ್ರತಿನಿಧಿಗಳ ಕೈಗೆ ಬರಲಿಲ್ಲ.

1940ರ ಮಾರ್ಚಿನಲ್ಲಿ ತಮ್ಮ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಮುಂಬಯಿಯಲ್ಲಿ ನಿಧನರಾದರು. ಕೆಲವೇ ತಿಂಗಳಲ್ಲಿ, ಆಗಸ್ಟ್ 3ರಂದು, ಮಹಾರಾಜರೂ ಬೆಂಗಳೂರಿನಲ್ಲಿ ತೀರಿಕೊಂಡರು. ಅಧಿಕಾರ ವಹಿಸಿ 38 ವರ್ಷ ತುಂಬಲು ಐದು ದಿನ ಉಳಿದಿತ್ತು. ಮಕ್ಕಳಿರಲಿಲ್ಲವಾದ್ದರಿಂದ ತಮ್ಮನ ಮಗ ಜಯಚಾಮರಾಜ ಒಡೆಯರ್ ಸಿಂಹಾಸನವನ್ನೇರಿದರು.