ನೇಕಾರರ ನೋವಿಗೆ ಅಚ್ಚು ಕೊಟ್ಟಾಕೆ

ಕೇಟೆ ಕೋಲ್ವಿಟ್ಸ್ ಹುಟ್ಟಿದ್ದು 1867ರಲ್ಲಿ, ಆಗ ಪ್ರಷ್ಯಕ್ಕೆ ಸೇರಿದ್ದ ಕ್ಯೋನಿಗ್ಸ್‌ಬರ್ಗ್ ಎಂಬ ಬಂದರು ಊರಿನಲ್ಲಿ. ತಂದೆ ಕಾನೂನು ಓದಿದವರು. ತಮ್ಮ ವಿಚಾರಗಳಿಗೆ ಆ ದಾರಿ ಒಗ್ಗದೆಂದು ಗಾರೆ ಕೆಲಸ ಕಲಿತು ಮನೆ ಕಟ್ಟುವವರಾದರು. ಮಗಳಿಗೆ ಚಿತ್ರದ ಪಾಠ ಹೇಳಿಸಿದವರೂ ಅವರೇ.

ಮೊದಮೊದಲು ಆಕೆಯನ್ನು ಕೂಲಿಗಳ ಕಡೆ ಎಳೆದದ್ದು ಕರುಣೆಯಲ್ಲ. ಅವರ ಮೈಕಟ್ಟು, ನಡಿಗೆ ಚೆಂದ ಕಂಡವು, ಬರೆದಳು, ಅಷ್ಟೇ. ಇದನ್ನು ಆಕೆಯೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾಳೆ. ನನಗೆ ಆಕೆಯ ಮೇಲೆ ನಂಬಿಕೆ ಹುಟ್ಟಿದ್ದೇ ಇದರಿಂದ.

1891ರಲ್ಲಿ ಡಾಕ್ಟರ್ ಕಾರ್ಲ್ ಕೋಲ್ವಿಟ್ಸ್‌ನನ್ನು ಮದುವೆಯಾಗಿ ಬರ್ಲಿನ್ನಿನ ಕಾರ್ಮಿಕರ ಕೇರಿಗೆ ಬಂದಳು. ಗಂಡನಲ್ಲಿಗೆ ಔಷಧಿಗೆ ಬಂದ ಹೆಂಗಸರು ಈಕೆಯ ಹತ್ತಿರವೂ ಕಷ್ಟ ತೋಡಿಕೊಳ್ಳುತ್ತಿದ್ದರು. ಚೆಂದ ನೋಡುತ್ತಿದ್ದ ಕಣ್ಣಿಗೆ ಈಗ ಕಾಯಿಲೆ, ಹಸಿವು, ಕೆಲಸ ಕಳಕೊಂಡ ಗಂಡಸರು ಕಾಣತೊಡಗಿದರು.

1893ರಲ್ಲಿ ಹೌಪ್ಟ್‌ಮನ್ನನ ನಾಟಕ ನೋಡಿದಳು. ಅದು 1844ರಲ್ಲಿ ಸೈಲೀಸಿಯದ ನೇಕಾರರು ದಂಗೆಯೆದ್ದ ಕಥೆ. ಅದರಿಂದ ಹುಟ್ಟಿದ್ದೇ ಆರು ಚಿತ್ರಗಳ ಮಾಲೆ: ಮೂರು ಕಲ್ಲಚ್ಚು, ಮೂರು ಲೋಹದ ತಗಡನ್ನು ಆಸಿಡ್‌ನಲ್ಲಿ ತಿನ್ನಿಸಿ ತೆಗೆದ ಅಚ್ಚು. ಮೊದಲನೆಯದರಲ್ಲಿ ಬಡಕಲು ಮಗು ಹಾಸಿಗೆ ಹಿಡಿದಿದೆ, ತಾಯಿ ತಲೆಗೆ ಕೈಕೊಟ್ಟಿದ್ದಾಳೆ, ಹಿಂದೆ ಮಗ್ಗ. ಕೊನೆಯದರಲ್ಲಿ ಅಂಥದೇ ಮಗ್ಗದ ಮನೆಗೆ ಹೆಣಗಳನ್ನು ಹೊತ್ತು ತರುತ್ತಾರೆ. 1898ರಲ್ಲಿ ತೀರ್ಪುಗಾರರು ಚಿನ್ನದ ಪದಕ ಕೊಡಿ ಅಂದರೆ ಕೈಸರ್ ಒಪ್ಪಲಿಲ್ಲ. 1906ರಲ್ಲಿ ಬರ್ಲಿನ್ನಿನಲ್ಲಿ ಮನೆಗೆಲಸಗಾರರ ಪ್ರದರ್ಶನ ನಡೆಯಿತು. ಮನೆಗೆಲಸಗಾರರೆಂದರೆ ಮಾಲೀಕರ ಮಾಲನ್ನು ಮನೆಯಲ್ಲೇ ಕೂತು ತಯಾರಿಸುವವರು. ಅದಕ್ಕೆ ಈಕೆ ದಣಿದ ಹೆಂಗಸೊಬ್ಬಳ ಪೋಸ್ಟರ್ ಮಾಡಿದಳು. ಅದನ್ನು ತೆಗೆಯದೆ ಬರುವುದಿಲ್ಲ ಎಂದು ರಾಣಿ ಹಟ ಹಿಡಿದಳು.

ಕಾಮರ್ಸ್ ಓದುವ ನನಗೆ ಹೊಳೆಯುವುದಿಷ್ಟು: ಮಾಲೀಕನ ಖಾತೆಯಲ್ಲಿ ಕೂಲಿ ಬರೆಯಲು ಜಾಗವಿದೆ. ಕೂಲಿಯವಳ ಮನೆಯ ಬಾಡಿಗೆ, ದೀಪದ ಎಣ್ಣೆ, ಕೆಟ್ಟ ಕಣ್ಣು, ಮಗುವಿನ ಕೆಮ್ಮು ಯಾವ ಕಾಲಮ್ಮಿಗೂ ಬರುವುದಿಲ್ಲ. ಬಿಟ್ಟುಹೋದ ಆ ಖರ್ಚನ್ನೇ ಈಕೆ ಬರೆದಿಟ್ಟಳು. ಎಣ್ಣೆಬಣ್ಣದ ಚಿತ್ರವಾದರೆ ಒಬ್ಬ ಸಾಹುಕಾರನ ಗೋಡೆಗೆ ಮುಗಿಯಿತು. ಅಚ್ಚಾದರೆ ಹತ್ತಾರು, ನೂರಾರು ಪ್ರತಿ, ಕಡಿಮೆ ಬೆಲೆ.

1914ರ ಯುದ್ಧದಲ್ಲಿ ಕಿರಿಯ ಮಗ ಪೀಟರ್ ಸತ್ತ. 1919ರಲ್ಲಿ ಪ್ರಷ್ಯದ ಕಲಾ ಅಕಾಡೆಮಿ ಈಕೆಯನ್ನು ಸದಸ್ಯೆಯಾಗಿ ಆರಿಸಿತು. 1925ರಲ್ಲಿ ನಿರುದ್ಯೋಗ, ಹಸಿವು, ಶಿಶುಮರಣ ಎಂಬ ಮೂರು ಮರದಚ್ಚುಗಳನ್ನು ಕೊರೆದಳು. 1933ರಲ್ಲಿ ನಾಜಿಗಳು ಅಕಾಡೆಮಿಯಿಂದ ಹೊರಹಾಕಿಸಿದರು. ಈಕೆ ದೇಶ ಬಿಡಲಿಲ್ಲ. 1942ರಲ್ಲಿ ಅದೇ ಹೆಸರಿನ ಮೊಮ್ಮಗನೂ ಯುದ್ಧದಲ್ಲಿ ಸತ್ತ, ಮಾರನೇ ವರ್ಷ ಮನೆಗೆ ಬಾಂಬು ಬಿತ್ತು. 1945ರ ಏಪ್ರಿಲ್ 22ರಂದು, ಯುರೋಪಿನ ಯುದ್ಧ ಮುಗಿಯಲು ಎರಡು ವಾರ ಉಳಿದಿರುವಾಗ, ತೀರಿಕೊಂಡಳು. ಕಾರ್ಲನ ದವಾಖಾನೆಯಿದ್ದ ಬೀದಿಗೆ ಈಗ ಆಕೆಯ ಹೆಸರು.