ಮನೆಯೊಳಗೆ ಕಡಲನ್ನು ತಂದವನು

ಕೆರಿಬಿಯನ್ ಕಡಲಿನ ಹವಳದ ಬಂಡೆಗಳಲ್ಲಿ ಒಂದು ಕುಬ್ಜ ಏಂಜೆಲ್ ಮೀನು ವಾಸಿಸುತ್ತದೆ. ಉದ್ದ ಹೆಚ್ಚೆಂದರೆ 8 ಸೆಂಟಿಮೀಟರು; ಮೈ ಕಡುನೀಲಿ, ಮುಖ ಹೊಂಬಣ್ಣ. ಬಂಡೆಯ ಮೇಲಿನ ಪಾಚಿಯನ್ನು ಮೇಯುವ ಈ ಮೀನು ಇಂದು ಕಡಲನ್ನೇ ಕಾಣದ ಊರುಗಳ ಮನೆಗಳಲ್ಲಿ, ಉಪ್ಪುನೀರಿನ ಗಾಜಿನ ತೊಟ್ಟಿಗಳಲ್ಲಿ ಬಾಳುತ್ತಿದೆ. ಇದು ಹೇಗೆ ಸಾಧ್ಯವಾಯಿತೆಂದು ಯೋಚಿಸಿದಾಗಲೆಲ್ಲ ನಾನು ನೆನೆಯುವ ಹೆಸರು ಫಿಲಿಪ್ ಹೆನ್ರಿ ಗಾಸ್.

ಗಾಸ್ ಹುಟ್ಟಿದ್ದು 1810ರಲ್ಲಿ, ಇಂಗ್ಲೆಂಡಿನ ವುಸ್ಟರ್‌ನಲ್ಲಿ. ತಂದೆ ಊರೂರು ಅಲೆದು ಕಿರುಚಿತ್ರಗಳನ್ನು ಬರೆದು ಜೀವಿಸುತ್ತಿದ್ದ ಬಡ ಕಲಾವಿದ. ಮಗನು 17ನೆಯ ವಯಸ್ಸಿನಲ್ಲಿ ನ್ಯೂಫೌಂಡ್‌ಲೆಂಡಿಗೆ ಹೋಗಿ ಗುಮಾಸ್ತನಾದನು, ಕೆನಡಾದಲ್ಲಿ ಬೇಸಾಯ ಮಾಡಿದನು, ಅಲಬಾಮದಲ್ಲಿ ಉಪಾಧ್ಯಾಯನಾದನು. ಎಲ್ಲಿದ್ದರೂ ಹುಳುಹುಪ್ಪಟೆಗಳನ್ನು ನೋಡುವುದು, ಬರೆಯುವುದು, ಚಿತ್ರಿಸುವುದು ನಿಲ್ಲಲಿಲ್ಲ. 1844ರಿಂದ 1846ರವರೆಗೆ ಜಮೈಕಾದಲ್ಲಿದ್ದು ಅಲ್ಲಿನ ಪಕ್ಷಿಗಳನ್ನು ಅಭ್ಯಸಿಸಿದನು. ನಮ್ಮ ಪುಟ್ಟ ಮೀನು ಇರುವುದೂ ಆ ಕಡಲಿನಲ್ಲಿಯೆ. ಆದರೆ ಅದಕ್ಕೆ ವೈಜ್ಞಾನಿಕ ನಾಮಕರಣವಾಗಲು 1951 ಬರಬೇಕಾಯಿತು.

1852ರಲ್ಲಿ ಆರೋಗ್ಯ ಕೆಟ್ಟು ಗಾಸ್ ಡೆವನ್ ತೀರಕ್ಕೆ ಹೋದನು. ಆಗ ಕಡಲಜೀವಿಗಳನ್ನು ಮನೆಯಲ್ಲಿ ಉಳಿಸುವುದು ಬಹು ಕಷ್ಟದ ಕೆಲಸವಾಗಿತ್ತು. ಕೆಲವು ವರ್ಷಗಳ ಹಿಂದೆ ಆನಾ ಥಿನ್ ಎಂಬಾಕೆ ಲಂಡನ್ನಿನಲ್ಲಿ ಹವಳಜೀವಿಗಳನ್ನು ಸಾಕಿದ್ದಳು. ನೀರಿಗೆ ಗಾಳಿ ಬೆರೆಯಲೆಂದು ಮನೆಯ ದಾಸಿ ಅದನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಲೇ ಇರಬೇಕಾಗಿತ್ತು. 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನು, ಸಿಹಿನೀರಿನಲ್ಲಿ ಸಸ್ಯವೂ ಪ್ರಾಣಿಯೂ ಪರಸ್ಪರ ಪೋಷಕವೆಂದು ತೋರಿಸಿದನು. ಗಾಸ್ ಆ ತತ್ತ್ವವನ್ನು ಉಪ್ಪುನೀರಿನಲ್ಲಿ ಪರೀಕ್ಷಿಸಿದನು. ಬೆಳಕು ಬೀಳುವಂತೆ ಕಡಲಪಾಚಿಯನ್ನು ಇಟ್ಟರೆ ಅದು ಬಿಡುವ ಆಮ್ಲಜನಕದಿಂದ ಪ್ರಾಣಿಗಳು ಬದುಕಿದುವು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಜಲಜೀವಿಶಾಲೆ ತೆರೆದಾಗ ಅದಕ್ಕೆ ಜೀವಿಗಳನ್ನು ಒದಗಿಸಿದವರಲ್ಲಿ ಆತನೂ ಒಬ್ಬನು. 1854ರಲ್ಲಿ ಪ್ರಕಟವಾದ ಆತನ ಗ್ರಂಥ ಅಕ್ವೇರಿಯಂ ಎಂಬ ಶಬ್ದವನ್ನು ಮನೆಮಾತಾಗಿಸಿತು. ಅಡಿಗೆಯ ಉಪ್ಪು, ಎಪ್ಸಮ್ ಲವಣ, ಮೆಗ್ನೀಸಿಯಮ್ ಮತ್ತು ಪೊಟ್ಯಾಸಿಯಮ್ ಕ್ಲೋರೈಡುಗಳನ್ನು ಬೆರಸಿ ಕಡಲನೀರನ್ನೇ ತಯಾರಿಸುವ ವಿಧಾನವನ್ನೂ ಆತ ಪ್ರಕಟಿಸಿದನು.

1857 ಆತನಿಗೆ ದುಃಖದ ವರ್ಷ. ಪತ್ನಿ ಎಮಿಲಿ ಅರ್ಬುದ ರೋಗದಿಂದ ತೀರಿಕೊಂಡಳು. ಮಗ ಎಡ್ಮಂಡನಿಗೆ ಆಗ ಏಳು ವರ್ಷ. ಅದೇ ವರ್ಷ, ಭೂಮಿಯ ಪ್ರಾಚೀನತೆಯನ್ನೂ ಬೈಬಲಿನ ಸೃಷ್ಟಿಕಥೆಯನ್ನೂ ಹೊಂದಿಸಲು ಆತ ಬರೆದ ಗ್ರಂಥವನ್ನು ವಿಜ್ಞಾನಿಗಳೂ ಒಪ್ಪಲಿಲ್ಲ, ಭಕ್ತರೂ ಒಪ್ಪಲಿಲ್ಲ. ಆತ ಡೆವನ್ನಿನಲ್ಲಿಯೆ ನೆಲಸಿದನು.

ಆದರೆ ಆತನ ಜನಪ್ರಿಯತೆಯೇ ಇನ್ನೊಂದು ನೋವನ್ನು ತಂದಿತು. ಗ್ರಂಥಗಳನ್ನು ಓದಿ ಉತ್ಸಾಹಗೊಂಡ ಜನ ಬುಟ್ಟಿ, ಉಳಿಗಳನ್ನು ಹಿಡಿದು ತೀರಕ್ಕೆ ನುಗ್ಗಿದರು. ಬಂಡೆಗಳ ನಡುವಣ ಕೊಳಗಳು ಬರಿದಾದುವು. ತಾನು ಬಯಸದ ಈ ವಿನಾಶಕ್ಕೆ ತಾನೇ ಕಾರಣನೆಂಬ ವ್ಯಥೆ ಗಾಸನನ್ನು ಬಾಧಿಸಿತೆಂದು ಎಡ್ಮಂಡನು 1907ರ ತನ್ನ ಪ್ರಸಿದ್ಧ ಆತ್ಮಕಥನದಲ್ಲಿ ತಿಳಿಸುತ್ತಾನೆ. ಗಾಸ್ 1888ರಲ್ಲಿ ನಿಧನನಾದನು.

ಆತನಿಗೆ ತಿಳಿಯದಿದ್ದ ಅನೇಕ ಸಂಗತಿಗಳು ಇಂದು ನಮಗೆ ತಿಳಿದಿವೆ. ತೊಟ್ಟಿಯನ್ನು ಶುದ್ಧವಾಗಿಡುವುದು ಪಾಚಿಯೊಂದೇ ಅಲ್ಲ. ಮೀನಿನ ವಿಸರ್ಜನೆಯಿಂದ ಹುಟ್ಟುವ ಅಮೋನಿಯವನ್ನು ಮಾರ್ಪಡಿಸುವ ಬ್ಯಾಕ್ಟೀರಿಯಗಳೂ ಹೌದು. ಆದುದರಿಂದಲೇ ಕುಬ್ಜ ಏಂಜೆಲ್ ಮೀನನ್ನು ಹೊಸ ತೊಟ್ಟಿಗೆ ಬಿಡದೆ, ಕಲ್ಲುಗಳು ಪಾಚಿಗಟ್ಟಿ ನೀರು ಪಕ್ವವಾಗುವವರೆಗೆ ಕಾಯಬೇಕು. ಆದರೆ ಗಾಸನನ್ನು ಕಾಡಿದ ಪ್ರಶ್ನೆ ಹಳತಾಗಿಲ್ಲ. ಆಗ್ನೇಯ ಏಷ್ಯದ ಹವಳದ ಬಂಡೆಗಳಲ್ಲಿ ಸಯನೈಡು ವಿಷದಿಂದ ಅಲಂಕಾರದ ಮೀನುಗಳನ್ನು ಮಂಕಾಗಿಸಿ ಹಿಡಿದದ್ದುಂಟು. ಈ ಶತಮಾನದಲ್ಲಿ ಕುಬ್ಜ ಏಂಜೆಲ್ ಮೀನಿನ ಕೆಲವು ಜಾತಿಗಳನ್ನು ತೊಟ್ಟಿಯಲ್ಲಿಯೆ ಮರಿಮಾಡಿಸಲು ಸಾಧ್ಯವಾಗಿದೆ. ಹಾಗೆ ಹುಟ್ಟಿದ ಮೀನನ್ನು ಸಾಕುವವನು ಗಾಸನ ವ್ಯಥೆಗೆ ತಡವಾಗಿಯಾದರೂ ಸಮಾಧಾನ ಹೇಳುತ್ತಿದ್ದಾನೆಂದು ನಾನು ಭಾವಿಸುತ್ತೇನೆ.