ಕಲಿಕೆಯನ್ನು ನಿಲ್ಲಿಸದ ದಾದಿ

ದೀಪಧಾರಿಣಿಯೆಂದು ಲೋಕವಿಖ್ಯಾತರಾದ ಫ್ಲಾರೆನ್ಸ್ ನೈಟಿಂಗೇಲ್ ಅವರು 1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಸಿರಿವಂತ ಆಂಗ್ಲ ಕುಟುಂಬದಲ್ಲಿ ಜನಿಸಿದರು. ದಾದಿಯ ವೃತ್ತಿಯನ್ನು ಕೀಳೆಂದೆಣಿಸುತ್ತಿದ್ದ ಕಾಲವದು. ಮನೆಯವರ ವಿರೋಧವನ್ನು ಲೆಕ್ಕಿಸದೆ ಅವರು 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಶುಶ್ರೂಷೆಯನ್ನು ಅಭ್ಯಸಿಸಿದರು.

1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗಾಗಿ 38 ದಾದಿಯರೊಡನೆ ತುರ್ಕಿಯ ಸ್ಕುಟಾರಿಗೆ ತೆರಳಿದರು. ಲಂಡನ್ನಿನ ಬರ್ಮಂಡ್ಸೆ ಕನ್ಯಾಮಠದ ಮದರ್ ಮೇರಿ ಕ್ಲೇರ್ ಮೂರ್ ಸೇರಿದಂತೆ 10 ಮಂದಿ ಕಥೋಲಿಕ ಕನ್ಯಾಸ್ತ್ರೀಯರು ಆ ತಂಡದಲ್ಲಿದ್ದರು. ಹಗಲಿರುಳು ದುಡಿದರೂ ಆ ಚಳಿಗಾಲದಲ್ಲಿ ಸಾವಿರಾರು ಯೋಧರು ಅಸುನೀಗಿದರು. 1855ರ ಮಾರ್ಚ್ ತಿಂಗಳಲ್ಲಿ ಬಂದ ನೈರ್ಮಲ್ಯ ಆಯೋಗವು ಚರಂಡಿಗಳನ್ನು ಶುಚಿಗೊಳಿಸಿ, ಗಾಳಿಯಾಡುವ ಏರ್ಪಾಡು ಮಾಡಿಸಿದ ಬಳಿಕ ಸಾವುಗಳು ಬಹುವಾಗಿ ಇಳಿದವು.

ಯುದ್ಧಾನಂತರ ಸ್ವದೇಶದಲ್ಲಿ ಕೀರ್ತಿ ಅವರಿಗಾಗಿ ಕಾದಿತ್ತು. ಅವರಾದರೋ ಅಂಕಿಅಂಶಗಳ ತಜ್ಞ ವಿಲಿಯಂ ಫಾರ್ ಅವರ ನೆರವಿನಿಂದ ಮೃತರ ಲೆಕ್ಕವನ್ನು ಪರಿಶೀಲಿಸಲು ಕುಳಿತರು. ಆಹಾರದ ಕೊರತೆ ಮತ್ತು ಅತಿ ದಣಿವೇ ಸಾವಿಗೆ ಕಾರಣವೆಂದು ಮೊದಲು ನಂಬಿದ್ದ ಅವರು, ಆಸ್ಪತ್ರೆಯ ಕೊಳಕೇ ಅನೇಕರನ್ನು ಬಲಿ ತೆಗೆದುಕೊಂಡಿತೆಂಬ ಕಹಿಸತ್ಯವನ್ನು ಒಪ್ಪಿಕೊಂಡರು. ನೈರ್ಮಲ್ಯದ ಸುಧಾರಣೆಗೆ ಮುಂದಿನ ಬಾಳನ್ನು ಮುಡಿಪಿಟ್ಟರು.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ದಾದಿಯರ ಶಾಲೆ ಆರಂಭವಾಯಿತು. 1872ರಿಂದ ಶಿಷ್ಯೆಯರಿಗೆ ಬರೆದ ಪತ್ರಗಳಲ್ಲಿ, ತರಬೇತಿ ಮುಗಿದರೂ ಕಲಿಕೆ ಮುಗಿಯದೆಂದೂ, ಮುನ್ನಡೆಯದ ದಾದಿ ಹಿಂದೆ ಸರಿಯುವಳೆಂದೂ ಎಚ್ಚರಿಸಿದರು. 1910ರ ಆಗಸ್ಟ್ 13ರಂದು, 90ನೆಯ ವಯಸ್ಸಿನಲ್ಲಿ ದೈವಾಧೀನರಾದರು.

ರೋಗಿಯ ಬಳಿ ನಿಲ್ಲುವವರಿಗೆ ಕರುಣೆಯೊಡನೆ ಅರಿವೂ ಬೇಕು. ತಪ್ಪನ್ನು ತಿದ್ದಿಕೊಳ್ಳುವ ವಿನಯವೂ ಬೇಕು. ಈ ಮಹನೀಯಳ ಬಾಳು ನಮಗೆ ಸಾರುವ ಪಾಠವಿದು.